ಮನ್ಯಾಗ ಕಳಿಸಿದ್ರ

ನನಗೊಂದು ಕೆಟ್ಟ ಚಾಳಿಯಿದೆ. ಯಾರು ಯಾವ ಊರಿನ ಹೆಸರು ಹೇಳಲಿ, ನನ್ನ ಬಾಯಿಂದ ಮೊದಲು ಬರುವ ಮಾತು ‘ವಾಪಸ್ ಬಸ್ಸು ಎಷ್ಟೊತ್ತಿಗೈತಿ?’ ಎನ್ನುವುದು. ಹಡಗಲಿಯಲ್ಲಿ ಮದುವೆ ಎಂದು ಕಾರ್ಡು ಕೊಡಲು ಬಂದವರನ್ನು ಹುಡುಗ ಯಾರು, ಹುಡುಗಿ ಯಾರು ಎಂದು ವಿಚಾರಿಸುವ ಮೊದಲೇ ಇದನ್ನು ಕೇಳಿಬಿಡುತ್ತೇನೆ. ನಮ್ಮ ಶಾಲೆಯ ಹಿಂದಿ ಮೇಡಂ ಕಾಶಿಗೆ ಹೊರಟಾಗಲೂ ಕೇಳಿದೆ. ಅವರು ಪಾಪ, ‘ಕಾಶಿಯಿಂದ ಕೊಟ್ಟೂರಿಗೆ ಡೈರೆಕ್ಟ್ ಬಸ್ಸಿಲ್ರಿ’ ಎಂದು ಗಂಭೀರವಾಗಿಯೇ ಉತ್ತರ ಕೊಟ್ಟರು. ಚಂದ್ರನ ಕಡೆ ರಾಕೆಟ್ಟು ಹಾರಿದ್ದನ್ನು ಟೀವಿಯಲ್ಲಿ ನೋಡುತ್ತ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುತ್ತಿದ್ದರೆ, ನಾನು ಚಹಾದ ಲೋಟ ಹಿಡಿದು ನಿಂತು, ‘ವಾಪಸ್ ಯಾವಾಗ ಬರ್ತೈತಂತ?’ ಅಂದೆ. ನಮ್ಮ ಯಜಮಾನರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ‘ಇಕಿಗೆ ಚಂದ್ರಲೋಕಕ್ಕೂ ಸಂಜಿ ಬಸ್ಸು ಬೇಕು ನೋಡ್ರಿ’ ಎಂದು ಈಗಲೂ ಬಂದವರೆದುರು ಹೇಳಿ ನಗಿಸುತ್ತಾರೆ.

ನಗುವವರು ನಗಲಿ. ಈ ಚಾಳಿ ನಾನಾಗಿ ಕಲಿತದ್ದಲ್ಲ. ನಾನು ಹುಡುಗಿಯಾಗಿದ್ದಾಗ ನಮ್ಮ ಕಡೆ ಹೆಣ್ಣುಮಕ್ಕಳ ವಿದ್ಯೆ ಎಲ್ಲಿಯತನಕ ಎಂಬುದನ್ನು ಬಸ್ಸು ಹೇಳುತ್ತಿತ್ತು. ಬೆಳಗಿನ ಬಸ್ಸಿಗೆ ಹೋಗಿ ದೀಪ ಹಚ್ಚುವುದರೊಳಗೆ ಮನೆಗೆ ಬರಲಾಗುವಷ್ಟು ದೂರದಲ್ಲಿ ಯಾವ ಕಾಲೇಜಿದೆಯೋ ಅದೇ ಅವಳ ಕಾಲೇಜು, ಅಲ್ಲಿ ಏನು ಕಲಿಸುತ್ತಾರೋ ಅದೇ ಅವಳ ಆಸೆ. ಗಂಡುಹುಡುಗರಿಗೆ ಹಾಗಲ್ಲ. ಅವರಿಗೆ ಟ್ರಂಕು ಕೊಡಿಸುತ್ತಿದ್ದರು.

ನಮ್ಮ ಮನೆಯಲ್ಲಿ ಆ ಟ್ರಂಕು ಬಂದದ್ದು ನನ್ನ ತಮ್ಮ ಕೊಟ್ರೇಶನಿಗೆ. ತಮ್ಮ ಅಂದರೆ ಅವಳಿ ತಮ್ಮ. ನಾನು ಮೊದಲು ಬಂದೆನಂತೆ, ಅವನು ಹಿಂದೆಯೇ ಬಂದನಂತೆ. ಆ ಸಣ್ಣ ಹೊತ್ತಿನ ಹಿರಿತನವನ್ನು ಅವನು ಇವತ್ತಿಗೂ ಒಪ್ಪಿಲ್ಲ, ‘ಲೇ ಗಿರಿಜಾ’ ಎಂದೇ ಕರೆಯುತ್ತಾನೆ. ನಮ್ಮೂರು ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯಲ್ಲಿದೆ. ಅಪ್ಪನದು ಅಲ್ಲಿ ಹಿಟ್ಟಿನ ಗಿರಣಿ. ಶಾಲೆ ಬಿಟ್ಟ ಕೂಡಲೇ ನಾವಿಬ್ಬರೂ ಅಲ್ಲಿಗೇ ಓಡುತ್ತಿದ್ದೆವು. ಕೊಟ್ರೇಶನಿಗೆ ಗಿರಣಿಯ ಎಲ್ಲವೂ ಇಷ್ಟ. ಪಟಪಟ ಹೊಡೆದುಕೊಳ್ಳುವ ಬೆಲ್ಟು, ಡಬ್ಬಿ ಹಿಡಿದು ಸಾಲುಗಟ್ಟಿ ಕೂತ ಹೆಂಗಸರ ಜಗಳ, ಬಿಸಿ ಹಿಟ್ಟಿನ ವಾಸನೆ, ಎಲ್ಲ. ಕಣ್ಣು ಮುಚ್ಚಿಕೊಂಡು ಮೂಗಿನಿಂದಲೇ ಇದು ಜೋಳ, ಇದು ಸಜ್ಜೆ, ಇದು ರಾಗಿ ಎಂದು ಹೇಳುತ್ತಿದ್ದ. ಮೈತುಂಬ ಬಿಳಿಯಾಗಿ, ರೆಪ್ಪೆಯ ಮೇಲೂ ಹಿಟ್ಟು ಹೊತ್ತು ಮನೆಗೆ ಬಂದರೆ ಅವ್ವ ಹೊಸ್ತಿಲಲ್ಲೇ ನಿಲ್ಲಿಸಿ ಸೆರಗಿನಿಂದ ಜಾಡಿಸುತ್ತಿದ್ದಳು.

ನನಗೆ ಇಷ್ಟವಾದದ್ದು ಗಿರಣಿಯ ಕಲ್ಲು. ಅದು ಸವೆದಾಗ ಅಪ್ಪ ಮೇಲಿನ ಕಲ್ಲನ್ನು ಬಿಚ್ಚಿ ಹೊರಳಿಸಿ, ಉಳಿ ಸುತ್ತಿಗೆ ಹಿಡಿದು ಅದರ ಗೀರುಗಳನ್ನು ಹೊಸದಾಗಿ ಕೊರೆಯುತ್ತಿದ್ದ. ನಾನು ಎದುರಿಗೆ ಕೂತು ನೋಡುತ್ತಿದ್ದೆ. ಕಿಡಿ ಹಾರಿದಾಗಲೆಲ್ಲ ಅಪ್ಪ ‘ಹಿಂದಕ್ಕ ಸರಿಯವ್ವಾ’ ಅನ್ನುವುದು, ನಾನು ಸರಿದಂತೆ ಮಾಡಿ ಇನ್ನಷ್ಟು ಮುಂದಕ್ಕೆ ಬಾಗುವುದು. ಈ ಕಲ್ಲಿನಿಂದ ಕಿಡಿ ಬರುತ್ತದೆ, ನಮ್ಮ ಮನೆಯ ಬಚ್ಚಲ ಕಲ್ಲಿನಿಂದ ಯಾಕೆ ಬರುವುದಿಲ್ಲ? ಗುಡ್ಡದ ಬಂಡೆಯಲ್ಲಿ ಮಿಣಮಿಣ ಹೊಳೆಯುವುದೇನು? ಅಪ್ಪ ಮೊದಮೊದಲು ಉತ್ತರ ಹೇಳುತ್ತಿದ್ದ. ಆಮೇಲಾಮೇಲೆ, ‘ಕಲ್ಲಿಗೇ ಕೇಳು’ ಅನ್ನತೊಡಗಿದ. ಶಾಲೆಯಿಂದ ಉಚ್ಚಂಗಿದುರ್ಗಕ್ಕೆ ಕರೆದುಕೊಂಡು ಹೋದಾಗ ಹುಡುಗಿಯರೆಲ್ಲ ಬಳೆ ತಂದರು, ನಾನು ಊಟದ ಡಬ್ಬಿ ತುಂಬ ಕಲ್ಲು ತಂದೆ. ಮಗಳು ಏನೋ ತಿಂಡಿ ತಂದಿದ್ದಾಳೆಂದು ಅವ್ವ ಆಸೆಯಿಂದ ಮುಚ್ಚಳ ತೆಗೆದವಳು, ‘ಗಿರಿಜಾ ಅಂತ ಹೆಸರಿಟ್ಟಿದ್ದೇ ತಪ್ಪಾತು’ ಎಂದು ಹಣೆ ಚಚ್ಚಿಕೊಂಡಳು.

ಹತ್ತನೆಯ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ಒಂದು ದಿನ ಎಲ್ಲರನ್ನೂ ಎಬ್ಬಿಸಿ ಮುಂದೆ ಏನಾಗುತ್ತೀರಿ ಎಂದು ಕೇಳಿದರು. ಹುಡುಗರು ಇಂಜಿನಿಯರು, ಪೊಲೀಸು, ಡಾಕ್ಟರು ಎಂದು ಒಬ್ಬರ ಮೇಲೊಬ್ಬರು ಏರಿಸಿದರು. ಕೊಟ್ರೇಶ ಎದ್ದು, ‘ನಾ ಏನೂ ಆಗಲ್ರಿ, ಗಿರಣ್ಯಾಗ ಇರ್ತೀನ್ರಿ’ ಅಂದು ಬೆನ್ನಿಗೆ ಒಂದು ಗುದ್ದು ತಿಂದ. ಹುಡುಗಿಯರು ಎಲ್ಲರೂ ಟೀಚರ್. ನನ್ನ ಸರದಿ ಬಂತು. ‘ಕಲ್ಲು ಓದ್ತೀನ್ರಿ ಸಾರ್’ ಅಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಜಲ್ಲಿ ಮಿಷಿನ್ನಿಗೆ ಕೆಲಸಕ್ಕೆ ಹೋಗ್ತಾಳಂತ ಎಂದು ಹಿಂದಿನಿಂದ ಯಾರೋ ಕೂಗಿದರು. ಮೇಷ್ಟ್ರು ಮಾತ್ರ ನಗಲಿಲ್ಲ. ‘ಅದಕ್ಕ ಭೂಗರ್ಭಶಾಸ್ತ್ರ ಅಂತಾರವ್ವ. ದೊಡ್ಡ ಕಾಲೇಜಿನಾಗ ಇರ್ತೈತಿ’ ಅಂದರು.

ಅಷ್ಟು ದೊಡ್ಡ ಶಬ್ದ ನನ್ನದೊಂದು ಹುಚ್ಚಿಗೆ ಇದೆಯೆಂದು ತಿಳಿದು ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮರೆತುಹೋದೀತೆಂದು ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಳ್ಳುತ್ತ ಬಂದು, ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ, ‘ಅವ್ವಾ, ನಾನು ಭೂಗರ್ಭ...’ ಅನ್ನುವಷ್ಟರಲ್ಲಿ ಅವ್ವ ಹಿಟ್ಟಿನ ಕೈಯಿಂದಲೇ ನನ್ನ ಬಾಯಿ ಮುಚ್ಚಿದಳು. ‘ಏನ ಹುಡುಗಿ, ಮದುವಿ ಇಲ್ಲ, ಏನಿಲ್ಲ, ಬಾಯಾಗ ಗರ್ಭ ಅಂತಾಳ!’ ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಶಾಸ್ತ್ರದ ಹೆಸರನ್ನು ಯಾರೂ ಪೂರ್ತಿ ಹೇಳಲಿಲ್ಲ. ‘ಅದು’ ಅನ್ನುತ್ತಿದ್ದರು.

ಪರೀಕ್ಷೆಯಲ್ಲಿ ಕೊಟ್ರೇಶನಿಗಿಂತ ನನಗೆ ಎಷ್ಟೋ ಹೆಚ್ಚು ಅಂಕ ಬಂದವು. ಅವನನ್ನು ಇಂಜಿನಿಯರು ಮಾಡಬೇಕೆಂದು ಅಪ್ಪ ದಾವಣಗೆರೆಯಲ್ಲಿ ಪಿಯುಸಿಗೆ ಹಾಕಿದ. ಹೊಸ ಟ್ರಂಕಿನ ಮೇಲೆ ಕೊಟ್ರೇಶನ ಹೆಸರು ಬರೆಸಿದ. ನಾನು ಕೊಟ್ಟೂರಿನಲ್ಲೇ ವಿಜ್ಞಾನಕ್ಕೆ ಸೇರಿದೆ. ಸಂಜೆಗೆ ಬಸ್ಸಿತ್ತಲ್ಲ. ಅವನು ಬಸ್ಸು ಹತ್ತುವಾಗ ಅತ್ತ. ನಾನೂ ಅತ್ತೆ. ಇಬ್ಬರೂ ಅಳುವುದನ್ನು ನೋಡಿ ಓಣಿಯವರು, ಅವಳಿ ಮಕ್ಕಳ ಕರುಳು ಹಾಗೇ ಅಂದುಕೊಂಡರು. ಅವನು ಹೋಗಬೇಕಲ್ಲಾ ಎಂದು ಅಳುತ್ತಿದ್ದ, ನಾನು ಹೋಗಲಾರೆನಲ್ಲಾ ಎಂದು ಅಳುತ್ತಿದ್ದೆ.

ಎರಡನೆಯ ವರ್ಷ ಕೊಟ್ರೇಶ ಫೇಲಾದ. ಟ್ರಂಕನ್ನು ತಲೆಯ ಮೇಲೆ ಹೊತ್ತುಕೊಂಡು ಬಂದು ನೇರ ಗಿರಣಿಗೆ ಹೋಗಿ ಇಳಿಸಿದ. ‘ಅಪ್ಪಾ, ನನಗ ಅದು ತಲಿಗೆ ಹತ್ತಂಗಿಲ್ಲ. ಹೊಡೀತಿದ್ರ ಹೊಡಿ. ಟ್ರಂಕು ಇನ್ನೂ ಹೊಸದೈತಿ, ಗಿರಿಜಾನ್ನ ಕಳಸು.’

ಅಪ್ಪ ಹೊಡೆಯಲಿಲ್ಲ. ಕೆಲವು ದಿನ ಗಿರಣಿಯ ಸದ್ದು ಬಿಟ್ಟರೆ ನಮ್ಮ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ನಾನು ಪಾಸಾಗಿದ್ದೆ, ಆದರೆ ಪಾಸಾದದ್ದನ್ನು ಯಾರ ಮುಂದೆ ಹೇಳಿಕೊಳ್ಳಲಿ? ಒಂದು ಬೆಳಿಗ್ಗೆ ಅಪ್ಪ ಮಡಿ ಪಂಚೆ ಉಟ್ಟು ನಿಂತಿದ್ದ. ‘ಅವ್ವಾ ಗಿರಿಜಾ, ತಯಾರಾಗು. ದಾವಣಗೇರಿಗೆ ಹೋಗಿ ಅದೇನೋ ಕಾಲೇಜು ನೋಡ್ಕೊಂಡು ಬರೋಣು.’

ಆ ದಿನದ ಬಗ್ಗೆ ಬರೆಯಲು ಹೊರಟರೆ ಈಗಲೂ ಕೈ ಸ್ವಲ್ಪ ನಿಧಾನವಾಗುತ್ತದೆ. ಹರಪನಹಳ್ಳಿ ದಾಟುವವರೆಗೂ ಕಿಟಕಿಯ ಹೊರಗೆ ಕಂಡ ಗುಡ್ಡಗಳಿಗೆಲ್ಲ ಮನಸ್ಸಿನಲ್ಲೇ, ತಡೀರಿ, ನಿಮ್ಮ ಹತ್ರ ಬರ್ತೀನಿ ಎಂದು ಹೇಳುತ್ತ ಹೋದೆ. ಕಾಲೇಜಿನಲ್ಲಿ ಆ ವಿಭಾಗ ಮೂಲೆಯಲ್ಲಿತ್ತು. ಉದ್ದನೆಯ ಕೋಣೆ, ಗೋಡೆಗೆ ಗಾಜಿನ ಕಪಾಟುಗಳು, ಅವುಗಳ ತುಂಬ ಕಲ್ಲು. ಹಸಿರು ಕಲ್ಲು, ಕೆಂಪು ಗೆರೆಯ ಕಲ್ಲು, ಈರುಳ್ಳಿಯಂತೆ ಪದರು ಪದರಾದ ಕಲ್ಲು. ಒಂದೊಂದಕ್ಕೂ ಹೆಸರಿನ ಚೀಟಿ. ನನ್ನ ಡಬ್ಬಿಯ ಕಲ್ಲುಗಳ ನೆಂಟರೆಲ್ಲ ಅಲ್ಲಿ ಮರ್ಯಾದೆಯಿಂದ ಕೂತಿದ್ದರು. ನಾನು ಗಾಜಿಗೆ ಹಣೆ ಒತ್ತಿ ನಿಂತುಬಿಟ್ಟೆ.

ಹಿಂದೆ ಅಪ್ಪ ಅಲ್ಲಿಯ ಮೇಷ್ಟ್ರ ಜೊತೆ ಮಾತಾಡುವುದು ಕೇಳುತ್ತಿತ್ತು.

‘ಪಾಠ ಮುಗಿಸಿ ಸಂಜಿಗೆ ಮನಿಗೆ ಬರ್ತಾರೇನ್ರಿ?’

‘ದಿನಾ ಓಡಾಡೋದು ಆಗಲ್ಲ ಯಜಮಾನ್ರೇ, ಹಾಸ್ಟೆಲ್ನಾಗೆ ಇರಬೇಕು. ವರ್ಷಕ್ಕೆ ಒಂದ್ಸಲ ಗುಡ್ಡಕ್ಕೆ ಕರ್ಕೊಂಡು ಹೋಗ್ತೀವಿ. ಅಲ್ಲೇ ಟೆಂಟು ಹಾಕ್ಕೊಂಡು ಇರೋದು. ಕಲ್ಲು ನಮ್ಮ ಹತ್ರ ಬರಲ್ಲ ನೋಡ್ರಿ, ನಾವೇ ಹೋಗ್ಬೇಕು.’

‘ಹೆಣ್ಣುಮಕ್ಕಳು ಅದಾರೇನ್ರಿ?’

‘ಇಲ್ಲೀವರೆಗೆ ಯಾರೂ ಸೇರಿಲ್ಲ. ಸೇರಿದ್ರೆ ಬೇಡ ಅನ್ನಲ್ಲ.’

ಗಾಜಿನಲ್ಲಿ ಅಪ್ಪನ ಬಿಳಿ ಪಂಚೆ ಮಸುಕಾಗಿ ಕಾಣುತ್ತಿತ್ತು. ಅದು ಸ್ವಲ್ಪ ಹತ್ತಿರ ಬಂತು, ನಿಂತಿತು. ‘ಬಾರವ್ವ. ಬಸ್ಸಿಗೆ ಹೊತ್ತಾತು.’

ಓಡೋಡಿ ಬಸ್‌ಸ್ಟ್ಯಾಂಡಿಗೆ ಬಂದೆವು. ಬಸ್ಸು ಇರಲಿಲ್ಲ. ‘ಇವತ್ತ್ಯಾಕೋ ತಡ ಮಾಡ್ಯಾನ’ ಎಂದು ಅಪ್ಪ ಡ್ರೈವರನನ್ನು ಬೈದ. ಮಂಡಕ್ಕಿ ಮಿರ್ಚಿ ತಂದುಕೊಟ್ಟ. ಅಷ್ಟು ದುಃಖದಲ್ಲೂ ನಾನು ಮಿರ್ಚಿ ಬಿಡಲಿಲ್ಲ, ಅಪ್ಪನ ಪಾಲಿನದನ್ನೂ ತಿಂದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಒಂದು ನೆಪವಾಯಿತು. ಕಾದು ಕಾದು ಬಸ್ಸು ಬಂತು. ಹರಪನಹಳ್ಳಿ ದಾಟಿದ ಮೇಲೆ ಅಪ್ಪ ಬಾಯಿ ಬಿಟ್ಟ. ‘ಬಿ.ಎ. ಮಾಡವ್ವ. ಆಮ್ಯಾಲೆ ಬಿ.ಎಡ್. ಮಾಡು. ಮೇಡಂ ಆದ್ರ ಬಿಸಿಲು ಇಳಿಯೋದ್ರಾಗ ಮನಿಗೆ ಬರಬಹುದು.’ ನಾನು ಹೂಂ ಅಂದೆ.

ಅಪ್ಪ ಹೇಳಿದ್ದು ಸುಳ್ಳಾಗಲಿಲ್ಲ. ಇಷ್ಟು ವರ್ಷಗಳಿಂದ ಬಿಸಿಲು ಇಳಿಯುವುದರೊಳಗೆ ಮನೆಗೆ ಬರುತ್ತಿದ್ದೇನೆ. ಹೊಸಹಳ್ಳಿಯ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಒಳ್ಳೆಯ ಗಂಡ, ಒಳ್ಳೆಯ ಮನೆ. ಯಾರ ಮೇಲೂ ದೂರಿಲ್ಲ. ಆದರೆ ಭೂಗೋಳದಲ್ಲಿ ಶಿಲೆಗಳ ಪಾಠ ಬಂದರೆ ಒಂದೆರಡು ಪೀರಿಯಡ್ಡಿನಲ್ಲಿ ಮುಗಿಸಬೇಕಾದದ್ದನ್ನು ವಾರಗಟ್ಟಲೆ ಎಳೆಯುತ್ತೇನೆ, ಮಕ್ಕಳು ಬೆನ್ನ ಹಿಂದೆ ‘ಕಲ್ಲು ಟೀಚರ್’ ಅನ್ನುತ್ತಾರೆ. ರಸ್ತೆ ಮಾಡಲು ಎಲ್ಲಾದರೂ ಗುಡ್ಡ ಕಡಿದಿದ್ದರೆ, ಅದರ ಹೊಟ್ಟೆಯೊಳಗಿನ ಪಟ್ಟೆಗಳು ಕಾಣುತ್ತಿದ್ದರೆ, ಬಸ್ಸಿನಲ್ಲಿ ಪಕ್ಕದವರ ಮೇಲೆ ಬಾಗಿ ನೋಡಿ ಬೈಸಿಕೊಳ್ಳುತ್ತೇನೆ. ಆ ಪಟ್ಟೆಗಳನ್ನು ಓದಲು ಬರುವುದಿಲ್ಲ. ಗೊತ್ತಿಲ್ಲದ ಲಿಪಿಯ ಬೋರ್ಡನ್ನು ನೋಡಿದ ಹಾಗೆ ನೋಡುತ್ತೇನೆ. ಬಸ್ಸು ಮುಂದೆ ಹೋಗುತ್ತದೆ.

ಹಳೆಯ ಮೇಷ್ಟ್ರ ಪ್ರಶ್ನೆಯನ್ನು ಮಾತ್ರ ನಾನು ಬಿಟ್ಟಿಲ್ಲ. ಪ್ರತಿ ಜೂನ್‌ನಲ್ಲಿ ಹತ್ತನೆಯ ತರಗತಿಯವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಕೇಳುತ್ತೇನೆ. ಕಾಲ ಬದಲಾಗಿದೆ ಅನ್ನುವವರು ಬಂದು ನನ್ನ ತರಗತಿಯಲ್ಲಿ ಕೂರಬೇಕು. ಬದಲಾಗಿದೆ ನಿಜ. ಹುಡುಗರು ಪಿಎಸ್ಐ, ಮಿಲಿಟ್ರಿ, ಜೆಸಿಬಿ ಓಡಿಸ್ತೀನಿ, ರೀಲ್ಸ್ ಮಾಡ್ತೀನಿ ಅನ್ನುತ್ತಾರೆ. ಅರ್ಧದಷ್ಟು ಜನ ಪರೀಕ್ಷೆಯ ಹೊತ್ತಿಗೆ ತರಗತಿಯಲ್ಲೇ ಇರುವುದಿಲ್ಲ, ಯಾವುದೋ ಊರಿಗೆ ದುಡಿಯಲು ಹೋಗಿರುತ್ತಾರೆ. ಒಬ್ಬ ಹುಡುಗ ಒಮ್ಮೆ ನರ್ಸ್ ಆಗ್ತೀನಿ ಅಂದ. ಉಳಿದವರು ನಕ್ಕ ನಗುವಿಗೆ ಕೂರುವ ಮೊದಲೇ ಅದನ್ನು ಮಿಲಿಟ್ರಿ ಎಂದು ತಿದ್ದಿಕೊಂಡ. ಹುಡುಗಿಯರು ಈಗ ಬರೀ ಟೀಚರ್ ಅನ್ನುವುದಿಲ್ಲ. ಡಾಕ್ಟರ್, ಬ್ಯಾಂಕ್ ಮ್ಯಾನೇಜರ್, ಡಿಸಿ ಎಂದು ಗಟ್ಟಿಯಾಗಿ ಹೇಳುತ್ತಾರೆ. ಅಂಕವೂ ಅವರದೇ ಹೆಚ್ಚು. ಆದರೆ ಹೇಳಿ ಮುಗಿಸಿ, ಕೂರುವ ಮುನ್ನ, ದನಿ ಇಳಿಸಿ ಒಂದು ಬಾಲ ಸೇರಿಸುತ್ತಾರೆ. ‘ಮನ್ಯಾಗ ಕಳಿಸಿದ್ರ.’

ಡಾಕ್ಟ್ರಾಗ್ತೀನ್ರಿ, ಮನ್ಯಾಗ ಕಳಿಸಿದ್ರ. ಡಿಸಿ ಆಗ್ತೀನ್ರಿ, ಮನ್ಯಾಗ ಕಳಿಸಿದ್ರ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ನಾನು ಕೆಲಸ ಮಾಡಿದ ಎಲ್ಲ ಕಡೆಯೂ ಕೇಳಿದ್ದೇನೆ. ಯಾರೂ ಹೇಳಿಕೊಟ್ಟದ್ದಲ್ಲ. ಒಬ್ಬ ಹುಡುಗನ ಬಾಯಲ್ಲೂ, ಮರೆತಾದರೂ, ಆ ಮಾತು ಬಂದದ್ದಿಲ್ಲ. ಓದುವ ಮನಸ್ಸೇ ಇಲ್ಲದವನು ಕೂಡ ಕಳಿಸುವುದಿಲ್ಲವೇನೋ ಎಂದು ಅನುಮಾನಪಟ್ಟದ್ದಿಲ್ಲ.

ಹೋದ ಸಲದ ತರಗತಿಯಲ್ಲಿ ಮಾಳಮ್ಮ ಎಂಬ ಹುಡುಗಿಯಿದ್ದಳು. ಕುರಿ ಸಾಕುವವರ ಮನೆಯವಳು. ಅವಳ ಹಟ್ಟಿಗೆ ಬಸ್ಸೇ ಇಲ್ಲ, ಹೊಲದ ದಾರಿ ಹಿಡಿದು ನಡೆದು ಬರುತ್ತಿದ್ದಳು. ನನ್ನ ಪ್ರಶ್ನೆಗೆ ಎದ್ದು ನಿಂತು, ‘ಕುರಿ ಡಾಕ್ಟ್ರು ಆಗ್ತೀನ್ರಿ’ ಅಂದಳು. ನಾನು ಬಾಲಕ್ಕಾಗಿ ಕಾದೆ. ಬರಲಿಲ್ಲ.

‘ಮತ್ತ?’ ಅಂದೆ.

‘ಮತ್ತೇನಿಲ್ರಿ’ ಎಂದು ಕೂತಳು.

ಅವಳು ಕೂತ ಮೇಲೂ ನಾನು ಅವಳನ್ನೇ ನೋಡುತ್ತಿದ್ದೆ. ಇಡೀ ವರ್ಷ ಅವಳ ಮೇಲೆ ನನ್ನ ಕಣ್ಣಿತ್ತು. ಚೆನ್ನಾಗಿ ಓದಿದಳು, ಒಳ್ಳೆಯ ಅಂಕ ಬಂತು. ದಾವಣಗೆರೆಯಲ್ಲಿ ವಿಜ್ಞಾನಕ್ಕೆ ಸೀಟು, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಜಾಗ, ಎರಡೂ ಸಿಕ್ಕವು. ಆದರೆ ಟಿ.ಸಿ. ತೆಗೆದುಕೊಳ್ಳಲು ಬಂದವಳು ಮುಖ ಕೆಳಗೆ ಹಾಕಿಕೊಂಡು ಹೇಳಿದಳು, ‘ಮನ್ಯಾಗ ಕಳಿಸಂಗಿಲ್ಲಂತ್ರಿ. ಅಪ್ಪ ಒಲ್ಲೆ ಅಂದಾನ. ಇಲ್ಲೇ ಹೊಸಹಳ್ಳ್ಯಾಗ ಆರ್ಟ್ಸ್ ಮಾಡು ಅಂತಾನ.’ ಹೊಸಹಳ್ಳಿ ಹತ್ತಿರ, ಸಂಜೆಗೆ ಮನೆ. ಹೂಂ ಅನ್ನಲು ಹೊರಟಿದ್ದೆ. ಆದರೆ ಅಪ್ಪನ ಮಾತೊಂದು ನೆನಪಾಯಿತು.

ಅಪ್ಪ ತೀರಿಕೊಳ್ಳುವ ಮುಂಚಿನ ಬೇಸಿಗೆಯ ಮಾತು ಅದು. ಗಿರಣಿಯನ್ನು ಕೊಟ್ರೇಶ ನೋಡಿಕೊಳ್ಳುತ್ತಿದ್ದ, ಈಗಲೂ ಅವನೇ. ಒಂದು ಮಧ್ಯಾಹ್ನ ಗಿರಣಿಯ ಮುಂದಿನ ಬೇವಿನ ಮರದಡಿ ನಾನೂ ಅಪ್ಪನೂ ಕೂತು ಶೇಂಗಾ ಸುಲಿಯುತ್ತಿದ್ದೆವು. ಅಪ್ಪ ಇದ್ದಕ್ಕಿದ್ದಂತೆ ಕೇಳಿದ, ‘ಅವತ್ತು ದಾವಣಗೇರ್ಯಾಗ ಆ ಕಪಾಟಿನ ಮುಂದ ಭಾಳ ಹೊತ್ತು ನಿಂತಿದ್ದೆಲ್ಲವ್ವ?’

ನನ್ನ ಕೈಯಲ್ಲಿದ್ದ ಕಾಯಿ ಒಡೆಯಲೇ ಇಲ್ಲ. ಇಷ್ಟು ವರ್ಷ ನಾವಿಬ್ಬರೂ ಆ ಊರಿನ ಸುದ್ದಿಯನ್ನೇ ಎತ್ತಿರಲಿಲ್ಲ.

‘ಬಸ್ಸಿಗೆ ಹೊತ್ತಾಗಿರ್ಲಿಲ್ಲ’ ಅಂದ ಅಪ್ಪ. ‘ಇನ್ನೂ ಭಾಳ ಟೈಮ್ ಇತ್ತು. ನೀ ಇನ್ನಷ್ಟು ಹೊತ್ತು ಹಂಗ ನಿಂತಿದ್ದೀ ಅಂದ್ರ ನಾನು ಹೂಂ ಅಂತಿದ್ದೆ. ಅಂಜಿಕಿ ಬಂತು. ಅದಕ್ಕ ಕರ್ಕೊಂಡು ಬಂದೆ.’

ನಾನು ಸಿಟ್ಟಾಗಬೇಕಿತ್ತೋ ಏನೋ. ಆಗಲಿಲ್ಲ. ಅಪ್ಪ ಹೂಂ ಅನ್ನುವುದಕ್ಕೆ ಅಷ್ಟು ಹತ್ತಿರ ಬಂದಿದ್ದ, ನನ್ನ ಬೆನ್ನ ಹಿಂದೆಯೇ ನಿಂತಿದ್ದ, ನಾನು ತಿರುಗಿ ನೋಡಿರಲಿಲ್ಲ ಎಂಬುದೇ ಎದೆಯಲ್ಲಿ ಆಡತೊಡಗಿತು. ಸುಲಿದ ಕಾಳನ್ನು ಅಪ್ಪನ ಅಂಗೈಗೆ ಹಾಕಿದೆ. ಅವನು ಒಂದೊಂದೇ ತಿಂದ.

ಮಾಳಮ್ಮ ಟಿ.ಸಿ. ಹಿಡಿದು ನಿಂತಾಗ ನೆನಪಾದದ್ದು ಇದು. ಬೇಡ ಅನ್ನುವ ಅಪ್ಪಂದಿರು ಎಷ್ಟು ಬೇಡ ಅನ್ನುತ್ತಾರೋ ಯಾರಿಗೆ ಗೊತ್ತು? ‘ನಿಮ್ಮಪ್ಪ ಈಗ ಎಲ್ಲಿ ಅದಾನ?’ ಎಂದು ಕೇಳಿದೆ. ಕುರಿ ಹೊಡೆದುಕೊಂಡು ಹಗರಿಬೊಮ್ಮನಹಳ್ಳಿಯ ಕಡೆ ಹೋಗಿದ್ದಾನೆ ಅಂದಳು. ಅಲ್ಲೊಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದಾರಂತೆ, ರವಿವಾರ ಅವಳೂ ಬುತ್ತಿ ತೆಗೆದುಕೊಂಡು ಹೋಗುತ್ತಾಳಂತೆ.

ರವಿವಾರ ಕೊಟ್ರೇಶನ ಸ್ಕೂಟರ್ ಹತ್ತಿ ಹೊರಟೆ. ಅವನ ಅಂಗಿಯ ಹಿಟ್ಟು ದಾರಿಯುದ್ದಕ್ಕೂ ನನ್ನ ಮುಖಕ್ಕೆ ಹಾರುತ್ತಿತ್ತು. ‘ಲೇ ಗಿರಿಜಾ, ಮಂದಿ ಮನಿ ಮಗಳು. ನಮಗ್ಯಾಕ ಬೇಕಿತ್ತು?’ ಎಂದು ಅವನು, ‘ನೀ ಸುಮ್ನ ಗಾಡಿ ಹೊಡಿ’ ಎಂದು ನಾನು.

ಮುಳ್ಳುಬೇಲಿ ಹಾಕಿ ಕುರಿ ಕೂಡಿದ ರೊಪ್ಪದ ಪಕ್ಕ ಮಾಳಮ್ಮನ ಅಪ್ಪ ಬೀರಪ್ಪ ಕೂತಿದ್ದ. ನನಗಿಂತ ಚಿಕ್ಕವನು. ನಮ್ಮನ್ನು ಕಂಡು ಗಡಬಡಿಸಿ ಎದ್ದು ಕಂಬಳಿ ಹಾಸಿದ. ಮಾಳಮ್ಮ ಸ್ವಲ್ಪ ದೂರದಲ್ಲಿ ಒಂದು ಕುರಿಯ ಕಾಲನ್ನು ಮಡಿಲಲ್ಲಿಟ್ಟುಕೊಂಡು ಗೊರಸಿನ ಮುಳ್ಳು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ, ಆದರೆ ಕಿವಿ ಇತ್ತಲೇ ಇತ್ತು.

‘ಶಾಣ್ಯಾಕಿ ಅದಾಳ, ನನಗ ಗೊತ್ತೈತ್ರಿ ಟೀಚರಮ್ಮ’ ಅಂದ ಬೀರಪ್ಪ. ‘ಗಂಡಹುಡುಗ ಆಗಿದ್ರ ಯಾವಾಗೋ ಕಳಿಸ್ತಿದ್ದೆ. ಹೆಣ್ಣುಮಗಳು ಮನಿ ಬಿಟ್ಟು ಹೆಂಗಿರ್ತಾಳ್ರಿ?’

‘ನೀವು ತಿಂಗಳಾನುಗಟ್ಟಲೆ ಮನಿ ಬಿಟ್ಟು ಇರ್ತೀರಲ್ಲ ಬೀರಪ್ಪ?’

‘ನಂದು ಕುರಿ ಸಲುವಾಗ್ರಿ.’

‘ಅಕೀದೂ ಕುರಿ ಸಲುವಾಗೇ ಅಲ್ಲೇನ್ರಿ?’

ಬೀರಪ್ಪನಿಗೆ ನಗು ಬಂತು. ನಗುತ್ತಲೇ ತಲೆ ಅಲ್ಲಾಡಿಸಿದ. ‘ಮಾತಿನ್ಯಾಗ ನಿಮ್ಮನ್ನ ಗೆಲ್ಲಾಕ ಆಗಂಗಿಲ್ಲ. ಆದ್ರ ಇಕಿ ಅಣ್ಣನ್ನ ಹೊಸಪೇಟಿಗೆ ಐಟಿಐಗೆ ಹಾಕಿದ್ದೆ. ಒಲ್ಲೆ ಅಂದ್ರೂ ಬಿಡ್ಲಿಲ್ಲ. ಗಂಡು ಅಂತ ಬಡದು ಕಳಿಸಿದೆ. ಅರ್ಧಕ್ಕ ಬಿಟ್ಟು ಬಂದ. ಅವನ ಕೈಲೇ ಆಗ್ಲಿಲ್ಲ...’

ಅಲ್ಲಿಯವರೆಗೆ ಸುಮ್ಮನಿದ್ದ ಕೊಟ್ರೇಶ ಬಾಯಿ ಹಾ‌ಕಿದ. ‘ಬೀರಣ್ಣ, ಒಲ್ಲೆ ಅಂದಾವ್ರನ್ನ ಕಳಿಸಿದ್ರ ವಾಪಸ್ ಬರ್ತಾರ. ನಾನೇ ಬಂದೀನಿ ನೋಡು. ನನ್ನ ಹಿಡಕೊಂಡು ಹೋಗಿ ದಾವಣಗೇರ್ಯಾಗ ಬಿಟ್ರು. ಹೋಗ್ತೀನಿ ಅಂತ ಅಳಾಕಿ ಇಕಿ, ಇಕಿನ್ನ ಮನ್ಯಾಗ ಇಟ್ಕೊಂಡ್ರು. ಈಗ ನೋಡು, ಇಬ್ರೂ ನಿನ್ನ ಮುಂದ ಬಂದು ಕುಂತೀವಿ.’

ನನ್ನ ತಮ್ಮ ಜೀವನದಲ್ಲಿ ಮೊದಲ ಸಲ ಬುದ್ಧಿವಂತಿಕೆಯ ಮಾತಾಡಿದ ಎಂದುಕೊಂಡೆ. ಬೀರಪ್ಪ ಅವನನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ತಿರುಗಿ ಮಗಳನ್ನು ನೋಡಿದ. ಮುಳ್ಳು ಆಗಲೇ ತೆಗೆದಾಗಿತ್ತು, ಅವಳು ಸುಮ್ಮನೆ ಗೊರಸು ಹಿಡಿದು ಕೂತಿದ್ದಳು. ಬೀರಪ್ಪ ಅಂದ, ‘ಜಾಗ ನೋಡ್ದ ನಾವು ರೊಪ್ಪ ಹಾಕಂಗಿಲ್ರಿ. ಮದಲು ನೋಡ್ತೀನಿ.’

ಹೀಗೆ ನಾನು, ಮಾಳಮ್ಮ, ಬೀರಪ್ಪ ದಾವಣಗೆರೆಯ ಬಸ್ಸು ಹತ್ತಿದೆವು. ಮಾಳಮ್ಮ ಒಂದು ಚೀಲದಲ್ಲಿ ಬಟ್ಟೆಬರೆ ತುಂಬಿಕೊಂಡೇ ಬಂದಿದ್ದಳು. ಅಪ್ಪ ಬೇಡ ಅಂದರೆ ವಾಪಸ್ ಹೊರಬೇಕಾದ ಚೀಲ. ಹರಪನಹಳ್ಳಿಯ ನಂತರ ನಾನು ಕಿಟಕಿಯ ಹೊರಗೆ ನೋಡುವುದನ್ನು ಬಿಟ್ಟೆ. ನೋಡಿ ಬರುತ್ತೇನೆ ಎಂದು ಹೊರಟ ಅಪ್ಪನ ಜೊತೆ ಅದೇ ರಸ್ತೆಯಲ್ಲಿ ನಾನು ಹಿಂದೊಮ್ಮೆ ಹೋಗಿದ್ದೆನಲ್ಲ. ಮಾಳಮ್ಮ ಕಿಟಕಿಗೆ ಮುಖವಿಟ್ಟು ಕೂತಿದ್ದಳು. ಅವಳು ಹೊರಗಿನ ಯಾವುದಕ್ಕೆ ಮನಸ್ಸಿನಲ್ಲೇ ಏನು ಮಾತು ಕೊಡುತ್ತಿದ್ದಳೋ ನಾನು ಕೇಳಲಿಲ್ಲ.

ಹಾಸ್ಟೆಲಿನ ವಾರ್ಡನ್ ಒಬ್ಬ ಸಮಾಧಾನದ ಹೆಂಗಸು. ಫೀಸು, ಊಟದ ಮೆನು, ರಜೆ ಎಂದು ಹೇಳಲು ಶುರು ಮಾಡಿದರೆ ಬೀರಪ್ಪ ಕೇಳುತ್ತಲೇ ಇರಲಿಲ್ಲ. ಮೊದಲು ಕಾಂಪೌಂಡಿನ ಸುತ್ತ ಒಂದು ಸುತ್ತು ಹಾಕಿದ. ಗೇಟಿಗೆ ಹೆಗಲು ಕೊಟ್ಟು ನೂಕಿ ನೋಡಿದ. ಕಾವಲುಗಾರನನ್ನು, ‘ನಿದ್ದಿ ಹತ್ತತೈತೇನಪ್ಪ?’ ಎಂದು ವಿಚಾರಿಸಿದ.

‘ನೀರು ಎಲ್ಲಿಂದ ಬರ್ತೈತ್ರಿ?’

‘ಬೋರ್ ಇದೆ, ಮೇಲೆ ಟ್ಯಾಂಕಿದೆ.’

ಮೆಟ್ಟಿಲು ಹತ್ತಿ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿ ಬಂದ. ‘ಜಡ್ಡು ಬಂದ್ರ ಯಾರು ನೋಡ್ತಾರ್ರಿ?’ ಅದಕ್ಕೂ ಉತ್ತರ ಸಿಕ್ಕಿತು. ಆಮೇಲೆ ಸ್ವಲ್ಪ ಅನುಮಾನಿಸಿ, ದನಿ ತಗ್ಗಿಸಿ ಕೇಳಿದ, ‘ದೊಡ್ಡವು ಸಣ್ಣವನ್ನ ಹಾಯ್ತಾವೇನ್ರಿ?’

ವಾರ್ಡನ್ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು. ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಸೀನಿಯರ್ ಹುಡುಗಿಯರು ಜೂನಿಯರುಗಳನ್ನು ಗೋಳು ಹೊಯ್ದುಕೊಳ್ಳುತ್ತಾರೆಯೇ ಎಂದು ಕೇಳುತ್ತಿದ್ದಾರೆ ಅಂದೆ. ವಾರ್ಡನ್ ನಕ್ಕುಬಿಟ್ಟರು. ‘ಇಲ್ಲಪ್ಪ, ನಾನಿದೀನಿ. ಹಾಯಾಕೆ ಬಿಡಲ್ಲ.’

ಬೀರಪ್ಪ ಅಂಗಳದ ನಡುವೆ ನಿಂತು ಇನ್ನೊಮ್ಮೆ ಸುತ್ತಲೂ ಕಣ್ಣಾಡಿಸಿದ. ಈಗ ಬಸ್ಸಿನ ಮಾತು ಬರುತ್ತದೆ, ಈಗ ಹೊತ್ತಾಯಿತು ಅನ್ನುತ್ತಾನೆ ಎಂದು ನಾನು ಅವನ ತುಟಿಯನ್ನೇ ನೋಡುತ್ತಿದ್ದೆ. ಮಾಳಮ್ಮ ಚೀಲವನ್ನು ಕೆಳಗಿಟ್ಟಿರಲಿಲ್ಲ.

‘ಇರ್ಲಿ ಬಿಡ್ರಿ’ ಅಂದ ಬೀರಪ್ಪ. ‘ಜಾಗ ಚೊಲೋ ಐತಿ.’

ಮಾಳಮ್ಮ ಅಪ್ಪನ ಕಾಲು ಮುಟ್ಟಿದಳು, ನನ್ನ ಕಾಲು ಮುಟ್ಟಿದಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಒಬ್ಬ ಹುಡುಗಿ ಬಂದು ಚೀಲದ ಒಂದು ಕಿವಿ ಹಿಡಿದಳು, ಇವಳು ಇನ್ನೊಂದು ಕಿವಿ ಹಿಡಿದಳು. ಇಬ್ಬರೂ ಏನೋ ಮಾತಾಡಿಕೊಂಡು ಮೆಟ್ಟಿಲು ಹತ್ತಿಹೋದರು. ತಿರುವಿನಲ್ಲಿ ಅವಳ ಲಂಗದ ಅಂಚು ಕಂಡಿತು, ಆಮೇಲೆ ಅದೂ ಕಾಣಲಿಲ್ಲ.

ಹೊರಗೆ ಬಂದರೆ ಮಧ್ಯಾಹ್ನದ ಬಿಸಿಲು. ಹಾಸ್ಟೆಲಿನ ಗೋಡೆಯ ಪಕ್ಕ ಮರದ ನೆರಳಿನಲ್ಲಿ ಒಂದು ಕಲ್ಲಿನ ಕಟ್ಟೆಯಿತ್ತು. ಬೀರಪ್ಪ ಹೋಗಿ ಅದರ ಮೇಲೆ ಕೂತುಬಿಟ್ಟ.

‘ಹೊರಡೋಣೇನ್ರಿ?’ ಅಂದೆ.

‘ಸ್ವಲ್ಪ ತಡೀರಿ ಟೀಚರಮ್ಮ. ಹೊಸಾ ಜಾಗದಾಗ ಬಿಟ್ಟ ಮರಿ ಮದಲ್ನೇ ಹೊತ್ತಿನ್ಯಾಗ ಒದರತೈತಿ. ಒದರಿದ್ರ ಕೇಳ್ಬೇಕಲ್ರಿ.’

ನಾನೂ ಪಕ್ಕದಲ್ಲಿ ಕೂತೆ. ಅವನು ಎಲೆ ಅಡಿಕೆಯ ಚೀಲ ಬಿಚ್ಚಿದ, ಬಿಚ್ಚಿದ್ದನ್ನು ಮರೆತು ಹಾಗೇ ಹಿಡಿದುಕೊಂಡ. ಇಬ್ಬರೂ ಗೋಡೆಯ ಆಚೆ ಕಿವಿಗೊಟ್ಟೆವು. ಬಕೀಟು ಎಳೆದ ಸದ್ದು ಬಂತು. ಯಾರೋ ಯಾರನ್ನೋ ಕರೆದರು. ಆಮೇಲೆ ಮೇಲಿನ ಕೋಣೆಯಿಂದ ಹುಡುಗಿಯರ ನಗು, ಒಂದರ ಮೇಲೊಂದು ಬಿದ್ದ ಹಾಗೆ. ಅದರಲ್ಲಿ ಮಾಳಮ್ಮನದು ಯಾವುದು ಎಂದು ಬೀರಪ್ಪ ಕತ್ತು ವಾಲಿಸಿ ಹುಡುಕಿದ. ಸಿಗಲಿಲ್ಲವೇನೋ.

‘ಒದರ್ಲಿಲ್ರಿ’ ಅಂದ. ಸಮಾಧಾನವಾಗಿತ್ತು ಅವನಿಗೆ. ಸ್ವಲ್ಪ ಬೇಸರವೂ ಆಗಿತ್ತು, ಅದನ್ನು ಮುಚ್ಚಿಡಲು ಅವನಿಗೆ ಬರುತ್ತಿರಲಿಲ್ಲ. ಎದ್ದು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ‘ಬರ್ರಿ, ಹೋಗೂಣು.’

ನನಗೆ ಏಳಲಾಗಲಿಲ್ಲ. ಮೇಲೆ ಆ ನಗು ಇನ್ನೂ ನಿಂತಿರಲಿಲ್ಲ. ಹೊಸ ಕೋಣೆ, ಗೊತ್ತಿಲ್ಲದ ಗೆಳತಿಯರು, ನಾಳೆ ಬೆಳಿಗ್ಗೆ ಶುರುವಾಗುವ ಪಾಠ. ಒಂದು ಮಗುವನ್ನು ಕಳಿಸಿಕೊಟ್ಟರೆ ಎದೆ ತುಂಬುತ್ತದೆ ಎಂದು ನಂಬಿ ಇಲ್ಲಿಯವರೆಗೆ ಬಂದಿದ್ದೆ. ತುಂಬಿತ್ತು ಕೂಡ. ಆದರೆ ಗೋಡೆಯ ಈಚೆ ಕೂತು ಆ ನಗು ಕೇಳುತ್ತಿದ್ದರೆ, ಈ ವಯಸ್ಸಿನಲ್ಲಿ, ಇಷ್ಟು ನರೆತ ಕೂದಲು ಇಟ್ಟುಕೊಂಡು, ನನಗೂ ಒಳಗೆ ಹೋಗಬೇಕು ಅನ್ನಿಸಿಬಿಟ್ಟಿತು.

‘ಸ್ವಲ್ಪ ತಡೀರಿ ಬೀರಪ್ಪ’ ಅಂದೆ. ದನಿ ನನ್ನದಾಗಿರಲಿಲ್ಲ.

ಅವನು ನನ್ನ ಮುಖ ನೋಡಿದ. ಹೆಗಲ ಮೇಲಿನ ಕಂಬಳಿ ಇಳಿಸಿ ಮತ್ತೆ ಪಕ್ಕದಲ್ಲಿ ಕುಳಿತುಕೊಂಡ.